ಘಾಟಿಯಲ್ಲಿ ಎಳೆತ ಇಲ್ಲ: 2018ರ ಟರ್ಬೊ ಪಿಕಪ್ ಇಟ್ಟುಕೊಳ್ಳುವುದಾ, ಮಾರುವುದಾ?

ಶಿರ್ವ_ಪಿಕಪ್ ಬರೆದದ್ದು:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 2018ರ ಪಿಕಪ್ ಉಂಟು. ಎರಡೂವರೆ ಲೀಟರಿನ ಟರ್ಬೊ ಡೀಸೆಲ್, ಹೊಗೆಯ ಹಳೇ ನಿಯಮದ ಬಿಎಸ್4. ಶೋರೂಮಿನಿಂದ ನಾನೇ ಇಳಿಸಿದ ಗಾಡಿ, ಬೇರೆ ಯಾರ ಕೈಗೂ ಕೊಟ್ಟಿಲ್ಲ. ಮೀಟರ್ ಈಗ 2 ಲಕ್ಷ 80 ಸಾವಿರದ ಹತ್ತಿರ. ಕೆಲಸ ಮೀನಿನದ್ದು. ಬೆಳಗಿನ ಜಾವ ಮಲ್ಪೆ ಬಂದರಿನ ದಕ್ಕೆಯಲ್ಲಿ ಲೋಡ್ ಮಾಡಿ, ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತಿ ತೀರ್ಥಹಳ್ಳಿ, ಕೊಪ್ಪ ಕಡೆ ಕೊಡುವುದು. ಬರುವಾಗ ಖಾಲಿ ಬಾಕ್ಸು.

ಈಗೊಂದು ತಿಂಗಳಿಂದ ಘಾಟಿಯಲ್ಲಿ ಎಳೆತವೇ ಇಲ್ಲ. ಮೊದಲು ಸೆಕೆಂಡ್‌ನಲ್ಲಿ ಆರಾಮಾಗಿ ತಿರುಗುತ್ತಿದ್ದ ತಿರುವಿನಲ್ಲಿ ಫಸ್ಟ್ ಹಾಕಬೇಕಾಗುತ್ತದೆ. ಎಕ್ಸಲರೇಟರ್ ಒತ್ತಿದರೆ ಹಿಂದೆ ಕಪ್ಪು ಹೊಗೆ, ಮುಂದೆ ಬಾನೆಟ್ ಒಳಗಿಂದ ಸುಸ್ಸ್ ಅಂತ ಒಂದು ಶಬ್ದ. ಬಯಲು ರಸ್ತೆಯಲ್ಲಿ ಅಷ್ಟು ಗೊತ್ತಾಗುವುದಿಲ್ಲ. ಇಂಜಿನ್ ಆಯಿಲ್ ಕಡಿಮೆ ಆಗುತ್ತಿಲ್ಲ. ಟೆಂಪರೇಚರ್ ಸರಿ ಉಂಟು.

ಗ್ಯಾರೇಜಿನಲ್ಲಿ ಇಂಜಿನ್‌ಗೆ ಗಾಳಿ ಒತ್ತಿ ಕೊಡುವ ಟರ್ಬೊ ಹೋಗಿದೆ, ಹೊಸದು ಹಾಕಿದರೆ ಎಲ್ಲ ಸೇರಿ 35 ಸಾವಿರ ಆಗಬಹುದು ಅಂದರು. ಇನ್ನು ಸ್ವಲ್ಪ ಸಮಯದಲ್ಲಿ ಗಾಡಿಗೆ ಎಂಟು ವರ್ಷ ತುಂಬುತ್ತದೆ, ಆಮೇಲೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ವರ್ಷ ವರ್ಷ ಮಾಡಿಸಬೇಕು. ಮನೆಯಲ್ಲಿ ಇದನ್ನು ಮಾರಿ ಹೊಸ ಬಿಎಸ್6 ತೆಗೆ ಅನ್ನುತ್ತಾರೆ. ಸಾಲ ತೀರಿ ಈಗಷ್ಟೇ ಉಸಿರು ಬಿಟ್ಟದ್ದು, ಮತ್ತೆ ಕಂತು ಕಟ್ಟುವ ಮನಸ್ಸಿಲ್ಲ. ಇಷ್ಟು ಓಡಿದ ಗಾಡಿಗೆ ಹೊಸ ಟರ್ಬೊ ಹಾಕುವುದು ಸರಿಯಾ? ಹಾಕಿದರೆ ಇನ್ನೆಷ್ಟು ಬಾಳಿಕೆ ಬರಬಹುದು? ಇದೇ ಕೆಲಸದಲ್ಲಿ ಇರುವವರು ದಯವಿಟ್ಟು ಹೇಳಿ.

---

ಬೈಕಂಪಾಡಿ_ಲೋಡು:

ಮಾರಿಬಿಡಿ ಮಾರಾಯ್ರೆ. ಮೂರು ಲಕ್ಷ ಹತ್ತಿರ ಬಂದ ಮೀನಿನ ಗಾಡಿ. ಇವತ್ತು ಟರ್ಬೊ, ನಾಳೆ ಇಂಜೆಕ್ಟರ್, ನಾಡಿದ್ದು ಕ್ಲಚ್ಚು. ಮೀನಿನ ಗಾಡಿ ರಸ್ತೆ ಬದಿ ನಿಂತರೆ ಲೋಡೂ ಹೋಯಿತು, ಗಿರಾಕಿಯೂ ಹೋದ. ಎಳೆತ ಇಲ್ಲ ಅಂತ ಕೊಳ್ಳುವವರಿಗೆ ಗೊತ್ತಾದರೆ ರೇಟು ಇನ್ನೂ ಇಳಿಯುತ್ತದೆ.

---

ಮಲ್ಪೆ_ಬಂಗುಡೆ:

ಮೊದಲು ಒಂದು ಮಾತು. 35 ಸಾವಿರ ತೆಗೆದು ಕೊಡಬೇಡಿ. ಮಾರಲೂ ಬೇಡಿ. ನೀವು ಹೇಳಿದ ಲಕ್ಷಣಕ್ಕೆ ನನಗೆ ಟರ್ಬೊ ಮೇಲೆ ಅನುಮಾನವೇ ಇಲ್ಲ.

ನಾನು 2011ರಿಂದ ಇದೇ ದಕ್ಕೆಯಲ್ಲಿ ಇದ್ದೇನೆ. ನನ್ನದೂ ಟರ್ಬೊ ಡೀಸೆಲ್ ಪಿಕಪ್. ಮೀಟರ್ ನಾಲ್ಕು ಲಕ್ಷ ದಾಟಿದೆ, ಇಂಜಿನ್ ಇನ್ನೂ ಬಿಚ್ಚಿಲ್ಲ. ಟರ್ಬೊ ಒಮ್ಮೆ ಬದಲಾಗಿದೆ. ಅದಕ್ಕೇ ಹೇಳುತ್ತೇನೆ, ಟರ್ಬೊ ನಿಜವಾಗಿ ಹೋಗುವಾಗ ಆಯಿಲ್ ಕುಡಿಯುತ್ತದೆ. ಹೊಗೆ ನೀಲಿ ಬರುತ್ತದೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸುಟ್ಟ ಆಯಿಲ್ ವಾಸನೆ ಬರುತ್ತದೆ, ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಇಳಿಯುತ್ತದೆ. ಇಲ್ಲದಿದ್ದರೆ ಸೈರನ್ ಹಾಗೆ ಕೂಗಲು ಶುರು ಮಾಡುತ್ತದೆ. ನಿಮ್ಮದು ಕಪ್ಪು ಹೊಗೆ, ಆಯಿಲ್ ಕಡಿಮೆ ಆಗುವುದಿಲ್ಲ, ಲೋಡಿನಲ್ಲಿ ಸುಸ್ಸ್ ಶಬ್ದ. ಇದು ಗಾಳಿ ಸೋರುವ ಲಕ್ಷಣ.

ಟರ್ಬೊ ಗಾಳಿಯನ್ನು ಒತ್ತಿ ಇಂಟರ್‌ಕೂಲರ್‌ಗೆ ಕಳಿಸುತ್ತದೆ, ಅಲ್ಲಿ ತಣ್ಣಗಾಗಿ ಇಂಜಿನ್‌ಗೆ ಹೋಗುತ್ತದೆ. ಮಧ್ಯದಲ್ಲಿ ದಪ್ಪ ರಬ್ಬರ್ ಹೋಸ್‌ಗಳು ಉಂಟು. ಅವುಗಳಲ್ಲಿ ಎಲ್ಲಿಯಾದರೂ ಬಿರುಕು ಬಿಟ್ಟರೆ ಒತ್ತಿದ ಗಾಳಿ ಅಲ್ಲೇ ಹೊರಗೆ ಹೋಗುತ್ತದೆ. ಡೀಸೆಲ್ ಮಾತ್ರ ಪೂರ್ತಿ ಗಾಳಿ ಇದೆ ಅನ್ನುವ ಲೆಕ್ಕದಲ್ಲೇ ಬೀಳುತ್ತದೆ. ಸುಡಲು ಗಾಳಿ ಸಾಲುವುದಿಲ್ಲ, ಕಪ್ಪು ಹೊಗೆ ಬರುತ್ತದೆ. ಬಯಲಿನಲ್ಲಿ ಟರ್ಬೊಗೆ ಅಷ್ಟು ಕೆಲಸ ಇಲ್ಲ, ಹಾಗಾಗಿ ಗೊತ್ತಾಗುವುದಿಲ್ಲ. ಸೋಮೇಶ್ವರ ದಾಟಿ ತಿರುವು ಶುರುವಾದ ಕೂಡಲೇ ಗೊತ್ತಾಗುತ್ತದೆ. ಅಲ್ಲಿ ಹದಿನಾಲ್ಕು ತಿರುವಿನಲ್ಲೂ ನಿಮಗೆ ಆ ಗಾಳಿ ಬೇಕೇ ಬೇಕು.

ಹುಡುಕುವುದು ಹೀಗೆ. ಗಾಡಿ ತಣ್ಣಗಾಗಲಿ. ಟರ್ಬೊದಿಂದ ಇಂಟರ್‌ಕೂಲರ್‌ಗೆ, ಇಂಟರ್‌ಕೂಲರ್‌ನಿಂದ ಇಂಜಿನ್‌ಗೆ ಹೋಗುವ ಹೋಸ್ ಉದ್ದಕ್ಕೂ ಬೆರಳು ಆಡಿಸಿ. ಮೇಲಿನಿಂದ ನೋಡಿ ಬಿಡಬೇಡಿ, ಅಡಿಭಾಗಕ್ಕೆ ಕೈ ಹಾಕಿ. ಆ ಹೋಸಿನ ಒಳಗೆ ಯಾವಾಗಲೂ ಸ್ವಲ್ಪ ಆಯಿಲ್ ಜಿಡ್ಡು ಇರುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ. ಆದರೆ ಹೊರಗೆ ಒಂದೇ ಜಾಗದಲ್ಲಿ ಜಿಡ್ಡು ಬಂದು ಕಪ್ಪು ಧೂಳು ಮೆತ್ತಿದ್ದರೆ ಸೋರುವುದು ಅಲ್ಲೇ. ಹೆಚ್ಚಾಗಿ ಕ್ಲ್ಯಾಂಪಿನ ಬುಡದಲ್ಲಿ. ಹೋಸನ್ನು ಕೈಯಲ್ಲಿ ಬಗ್ಗಿಸಿ ನೋಡಿ. ಸುಮ್ನೆ ಇದ್ದಾಗ ಬಿರುಕು ಮುಚ್ಚಿಕೊಂಡಿರುತ್ತದೆ, ಬಗ್ಗಿಸಿದಾಗ ಬಾಯಿ ಬಿಡುತ್ತದೆ. ಹಾಗೆಯೇ ಟರ್ಬೊ ಮೇಲೆ ಗಾಳಿಯ ಒತ್ತಡ ಹತೋಟಿಯಲ್ಲಿಡುವ ಆಕ್ಚುಯೇಟರ್‌ಗೆ ಹೋಗುವ ಸಣ್ಣ ರಬ್ಬರ್ ಪೈಪನ್ನೂ ನೋಡಿ. ಬಿಸಿಗೆ ಅದು ಗಟ್ಟಿಯಾಗಿ ಸೀಳಿರುತ್ತದೆ. ಏರ್ ಫಿಲ್ಟರ್ ಹೇಗೂ ಬಿಚ್ಚಿ ನೋಡುತ್ತೀರಿ ಅಲ್ವಾ? ಮಳೆಗಾಲದಲ್ಲಿ ಒದ್ದೆಯಾಗಿ ಒಣಗಿದ ಫಿಲ್ಟರ್ ಆದರೆ ಎಸೆದು ಹೊಸದು ಹಾಕಿ.

ಇಷ್ಟೂ ಸರಿ ಇದ್ದರೆ ಮಾತ್ರ ಟರ್ಬೊ ಮುಟ್ಟಿ. ಏರ್ ಫಿಲ್ಟರ್ ಕಡೆಯಿಂದ ಬರುವ ಪೈಪ್ ತೆಗೆದರೆ ಒಳಗೆ ಸಣ್ಣ ಫ್ಯಾನ್ ಕಾಣುತ್ತದೆ. ಅದರ ನಟ್ಟು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ. ಅಡ್ಡಕ್ಕೆ ಚೂರು ಆಟ ಇರುತ್ತದೆ, ಇರಲೇಬೇಕು, ಯಾಕಂದರೆ ಆ ಶಾಫ್ಟ್ ಆಯಿಲ್ ಪದರದ ಮೇಲೆ ತೇಲಿಕೊಂಡು ತಿರುಗುವಂಥದ್ದು. ಹಿಂದೆ ಮುಂದೆ ಎಳೆದಾಗ ಆಟ ಕೈಗೆ ಸಿಗಬಾರದು. ರೆಕ್ಕೆಯ ತುದಿ ಹೊರಗಿನ ಗೋಡೆಗೆ ಉಜ್ಜಿದ ಗುರುತು ಇರಬಾರದು. ಎರಡೂ ಇಲ್ಲವಾದರೆ ಆ ಟರ್ಬೊ ಇನ್ನೂ ದುಡಿಯುತ್ತದೆ.

ಬೈಕಂಪಾಡಿಯವರ ಮಾತನ್ನು ನಾನು ಒಪ್ಪುವುದಿಲ್ಲ. ಒಂದೇ ಕೈಯಲ್ಲಿ ಓಡಿದ, ಸಾಲ ತೀರಿದ ಗಾಡಿ ಅದು. ಅದರ ಒಂದೊಂದು ಶಬ್ದ ಓಡಿಸುವವನಿಗೆ ಗೊತ್ತಿರುತ್ತದೆ. ಅದನ್ನು ಒಂದು ಹೋಸಿಗಾಗಿ ಕೊಟ್ಟುಬಿಡುವುದು ನನಗೆ ಸರಿ ಕಾಣುವುದಿಲ್ಲ.

---

ಸಂತೆಕಟ್ಟೆ_ಸ್ಪ್ಯಾನರ್:

ಮೇಲಿನವರು ಹೇಳಿದ್ದು ಸರಿ. ನಾನು ಮೆಕ್ಯಾನಿಕ್, ಒಂದು ವಿಷಯ ಸೇರಿಸುತ್ತೇನೆ. ನಾಳೆ ನಿಜವಾಗಿಯೂ ಟರ್ಬೊ ಬದಲಿಸುವ ದಿನ ಬಂದರೆ, ಹಳೆಯದು ಯಾಕೆ ಹೋಯಿತು ಅಂತ ಗೊತ್ತಾಗದೆ ಹೊಸದು ಕೂರಿಸಲು ಬಿಡಬೇಡಿ. ಟರ್ಬೊ ತಾನಾಗಿ ಸಾಯುವುದು ಅಪರೂಪ. ಆಯಿಲ್ ಸಿಗದೆ, ಇಲ್ಲವೇ ಕೊಳೆ ಆಯಿಲ್‌ನಿಂದ, ಇಲ್ಲವೇ ಫಿಲ್ಟರ್ ದಾಟಿ ಬಂದ ಧೂಳಿನಿಂದ ಸಾಯುತ್ತದೆ. ಶಾಫ್ಟ್ ನಿಮಿಷಕ್ಕೆ ಒಂದು ಲಕ್ಷಕ್ಕಿಂತ ಜಾಸ್ತಿ ಸುತ್ತು ತಿರುಗುತ್ತದೆ. ಕೆಲವೇ ಸೆಕೆಂಡು ಆಯಿಲ್ ಇಲ್ಲದಿದ್ದರೂ ಬೇರಿಂಗ್ ತಿಂದು ಹಾಕುತ್ತದೆ.

ಆಯಿಲ್ ಕೊಡುವ ಸಣ್ಣ ಪೈಪ್ ಉಂಟಲ್ಲ, ಬಿಸಿಗೆ ಅದರೊಳಗೆ ಆಯಿಲ್ ಸುಟ್ಟು ಕರಿ ಕಟ್ಟಿರುತ್ತದೆ. ಹಳೇ ಪೈಪನ್ನೇ ಹೊಸ ಟರ್ಬೊಗೆ ಹಾಕಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ಪೈಪ್, ಅದರ ಬೋಲ್ಟ್, ತಾಮ್ರದ ವಾಷರ್, ಎಲ್ಲ ಹೊಸದು ಹಾಕಿಸಿ. ಇಂಟರ್‌ಕೂಲರ್ ಇಳಿಸಿ ಒಳಗೆ ತೊಳೆಸಿ, ಹಳೆ ಫ್ಯಾನಿನ ಚೂರು ಅಲ್ಲಿ ಉಳಿದಿರಬಹುದು. ಹೊಸ ಟರ್ಬೊದ ಆಯಿಲ್ ತೂತಿಗೆ ಮೊದಲು ಕೈಯಿಂದಲೇ ಆಯಿಲ್ ಹೊಯ್ಯಬೇಕು. ಇಂಜಿನ್ ಹತ್ತಿಕೊಳ್ಳದ ಹಾಗೆ ಸ್ವಲ್ಪ ಸೆಲ್ಫ್ ಹೊಡೆದು, ಆಯಿಲ್ ಪ್ರೆಶರ್ ಬಂದ ಮೇಲೆ ಸ್ಟಾರ್ಟ್ ಮಾಡಬೇಕು. ಇದನ್ನೆಲ್ಲ ನಿಂತು ನೋಡಿ. ಒಳ್ಳೆ ಮೇಸ್ತ್ರಿ ಬೇಸರ ಮಾಡಿಕೊಳ್ಳುವುದಿಲ್ಲ.

---

ಕುಂದಾಪುರ_ಬಿಎಸ್6:

ಹೊಸ ಗಾಡಿಯ ಆಸೆ ಇದ್ದರೆ ಇದನ್ನೂ ತಿಳಿದುಕೊಂಡು ಹೋಗಿ. 2020ರ ಏಪ್ರಿಲ್ ನಂತರ ಬಂದದ್ದೆಲ್ಲ ಬಿಎಸ್6. ನನ್ನ ಬಿಎಸ್6 ಪಿಕಪ್‌ನಲ್ಲಿ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಅಂತ ಒಂದು ಫಿಲ್ಟರ್ ಉಂಟು. ಹೊಗೆಯ ಮಸಿ ಅದರಲ್ಲಿ ನಿಲ್ಲುತ್ತದೆ. ಆಮೇಲೆ ಗಾಡಿಯೇ ಅದನ್ನು 600 ಡಿಗ್ರಿ ಹತ್ತಿರ ಬಿಸಿ ಮಾಡಿ ಸುಡುತ್ತದೆ. ಅದಕ್ಕೆ ಗಾಡಿ ನಿಲ್ಲದೆ ಸ್ವಲ್ಪ ಹೊತ್ತು ಓಡಬೇಕು.

ನನ್ನದು ಕುಂದಾಪುರ ಪೇಟೆಯೊಳಗೆ ಅಂಗಡಿ ಅಂಗಡಿಗೆ ಇಳಿಸುವ ಕೆಲಸ. ಹತ್ತು ನಿಮಿಷ ಓಡು, ಅರ್ಧ ಗಂಟೆ ನಿಲ್ಲು. ಮಸಿ ತುಂಬಿ ಲೈಟ್ ಬರುತ್ತಿತ್ತು. ಈಗ ಲೈಟ್ ಬಂದರೆ ಹೆದ್ದಾರಿ 66ಕ್ಕೆ ಹತ್ತಿಸಿ ಸಾಸ್ತಾನ ಟೋಲ್ ಕಡೆಗೆ ಒಂದೇ ಸ್ಪೀಡಿನಲ್ಲಿ ಬಿಡುತ್ತೇನೆ, ಲೈಟ್ ಹೋಗುತ್ತದೆ. ನಿಮ್ಮದು ಮಲ್ಪೆ ತೀರ್ಥಹಳ್ಳಿ ಉದ್ದ ಓಟ, ನಿಮಗೆ ಆ ತೊಂದರೆ ಬರಲಿಕ್ಕಿಲ್ಲ. ಆಯಿಲ್ ಮಾತ್ರ ಪುಸ್ತಕದಲ್ಲಿ ಬರೆದ, ಸುಟ್ಟಾಗ ಕಡಿಮೆ ಬೂದಿ ಬಿಡುವ ಆಯಿಲ್ಲೇ ಆಗಬೇಕು. ಹಳೇ ಗಾಡಿಗೆ ಹಾಕುತ್ತಿದ್ದ ಕ್ಯಾನಿನಿಂದ ಹೊಯ್ದರೆ ಆ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಗಾಡಿ ಒಳ್ಳೆಯದೇ, ಎಳೆತವೂ ಚೆನ್ನಾಗಿದೆ. ಆದರೆ ಹಳೆ ಗಾಡಿಯ ತಲೆನೋವಿನಿಂದ ತಪ್ಪಿಸಿಕೊಳ್ಳಲು ಇದಕ್ಕೆ ಬರುವುದಾದರೆ ಯೋಚಿಸಿ.

---

ಶಿರ್ವ_ಪಿಕಪ್:

ಮಲ್ಪೆ ಅಣ್ಣ, ನಿಮಗೆ ಎಷ್ಟು ಹೇಳಿದರೂ ಸಾಲದು. ನಿನ್ನೆ ಸಂಜೆ ಮನೆಯಂಗಳದಲ್ಲೇ ನೋಡಿದೆ. ಇಂಟರ್‌ಕೂಲರ್‌ನಿಂದ ಇಂಜಿನ್‌ಗೆ ಹೋಗುವ ಹೋಸು, ಕ್ಲ್ಯಾಂಪಿನ ಪಕ್ಕ, ಅಡಿಯಲ್ಲಿ. ನೀವು ಹೇಳಿದ ಹಾಗೆಯೇ ಕಪ್ಪು ಜಿಡ್ಡು ಮೆತ್ತಿತ್ತು. ಒರೆಸಿ ಬಗ್ಗಿಸಿದರೆ ಹೆಬ್ಬೆರಳಿನ ಅಗಲಕ್ಕೆ ಬಾಯಿ ಬಿಟ್ಟಿತು. ಮೇಲಿನಿಂದ ನೋಡಿದರೆ ಹೊಸ ಹೋಸಿನ ಹಾಗೆ ಕಾಣುತ್ತದೆ! ಟರ್ಬೊ ಫ್ಯಾನೂ ಅಲ್ಲಾಡಿಸಿ ನೋಡಿದೆ, ಹಿಂದೆ ಮುಂದೆ ಆಟ ಇಲ್ಲ.

ಇವತ್ತು ಉಡುಪಿಯಲ್ಲಿ ಹೋಸ್ ಮತ್ತು ಎರಡು ಕ್ಲ್ಯಾಂಪ್ ತಂದು ಹಾಕಿದೆ. ಎರಡು ಸಾವಿರದೊಳಗೆ ಮುಗಿಯಿತು. ಮಧ್ಯಾಹ್ನ ಲೋಡ್ ಇಲ್ಲದಿದ್ದರೂ ಹೆಬ್ರಿ ದಾಟಿ ಘಾಟಿಗೆ ಹೋಗಿ ಬಂದೆ. ಸೆಕೆಂಡ್‌ನಲ್ಲೇ ಹತ್ತಿತು, ಹೊಗೆ ಇಲ್ಲ, ಆ ಶಬ್ದವೂ ಇಲ್ಲ. ತುಂಬಾ ಸಂತೋಷ ಆಯಿತು.

ಹಾಗಾದರೆ ಗಾಡಿ ಇಟ್ಟುಕೊಳ್ಳುತ್ತೇನೆ. ಇನ್ನೊಂದು ನಾಲ್ಕೈದು ವರ್ಷ ಓಡಿಸಬೇಕೆಂದರೆ ಏನೇನು ನೋಡಿಕೊಳ್ಳಬೇಕು? ಮೀನಿನ ನೀರು ಬಿದ್ದು ಹಿಂದಿನ ಚಾಸಿ (ಗಾಡಿಯ ಅಡಿಯ ಚೌಕಟ್ಟು) ತುಕ್ಕು ಹಿಡಿದಿದೆ.

---

ಮಲ್ಪೆ_ಬಂಗುಡೆ:

ಕೇಳಿ ಖುಷಿಯಾಯಿತು ತಮ್ಮ. ಈಗ ನೀವು ಸರಿಯಾದ ವಿಷಯಕ್ಕೆ ಬಂದಿರಿ. ನಮ್ಮ ಕಡಲ ಬದಿಯಲ್ಲಿ ಪಿಕಪ್ ಸಾಯುವುದು ಇಂಜಿನ್‌ನಿಂದ ಅಲ್ಲ, ಅಡಿಯಿಂದ. ದಕ್ಕೆಯಲ್ಲಿ ಗುಜರಿಗೆ ಹೋದ ಗಾಡಿಗಳನ್ನು ನಾನು ನೋಡಿದ್ದೇನೆ. ಇಂಜಿನ್ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತದೆ, ಚಾಸಿಗೆ ಸ್ಕ್ರೂಡ್ರೈವರ್ ಒತ್ತಿದರೆ ಒಳಗೆ ಹೋಗುತ್ತದೆ.

ಐಸ್ ಕರಗಿದ ಮೀನಿನ ನೀರು ಬರೀ ಉಪ್ಪು ನೀರಲ್ಲ. ಅದರಲ್ಲಿ ರಕ್ತ, ಕೊಬ್ಬು, ಪೊರೆ ಎಲ್ಲ ಉಂಟು. ಚಾಸಿಯ ಮೂಲೆಯಲ್ಲಿ ಅಂಟಿ ಕೂತು ಒಣಗಲು ಬಿಡುವುದಿಲ್ಲ. ಹಾಗಾಗಿ ಲೋಡ್ ಇಳಿಸಿದ ದಿನವೇ ಸಿಹಿನೀರಿನಲ್ಲಿ ಅಡಿ ತೊಳೆಯಿರಿ. ಮೇಲೆ ಬಾಡಿ ತೊಳೆದರೆ ಸಾಲದು, ಕೊಳೆಯೆಲ್ಲ ಚಾಸಿಗೇ ಇಳಿಯುತ್ತದೆ. ಚಾಸಿಯ ಉದ್ದಕ್ಕೂ ಇರುವ ತೂತುಗಳೊಳಗೆ ಪೈಪ್ ಬಿಟ್ಟು ನೀರು ಹಾಯಿಸಿ, ಕೆಳಗಿನ ತೂತಿನಿಂದ ತಿಳಿ ನೀರು ಬರುವವರೆಗೆ. ಬಾಡಿಯ ನೀರು ಹೋಗುವ ತೂತಿಗೆ ಒಂದು ರಬ್ಬರ್ ಪೈಪ್ ಸಿಕ್ಕಿಸಿ, ನೀರು ಹಿಂದಿನ ಆಕ್ಸಲ್ ದಾಟಿ ನೆಲಕ್ಕೆ ಬೀಳುವ ಹಾಗೆ ಮಾಡಿ. ನಾನು ಹಾಗೆ ಮಾಡಿದ ಮೇಲೆ ಹಿಂದಿನ ಪಾಟಾ (ಸ್ಪ್ರಿಂಗ್ ಪಟ್ಟಿ), ಅದರ ಯು ಬೋಲ್ಟ್ ಬಾಳಿಕೆ ತುಂಬಾ ಸುಧಾರಿಸಿತು.

ತುಕ್ಕಿನ ಮೇಲೆಯೇ ಕಪ್ಪು ಡಾಂಬರಿನಂಥ ಕೋಟಿಂಗ್ ಹೊಡೆಸಬೇಡಿ. ಹೊರಗೆ ಚೆಂದ ಕಾಣುತ್ತದೆ, ಒಳಗೆ ತುಕ್ಕು ಬೆಳೆಯುತ್ತದೆ. ಮೊದಲು ವೈರ್ ಬ್ರಷ್‌ನಲ್ಲಿ ಕೆರೆದು, ರೆಡ್ ಆಕ್ಸೈಡ್ ಹೊಡೆದು, ಅದರ ಮೇಲೆ ಮೇಣದ ಥರದ ಕೋಟಿಂಗ್. ಸುಟ್ಟ ಇಂಜಿನ್ ಆಯಿಲ್ ಬಳಿಯುವವರು ಇದ್ದಾರೆ. ಅದು ಬುಷ್ ರಬ್ಬರಿಗೆ ತಾಗಿದರೆ ರಬ್ಬರ್ ಉಬ್ಬಿ ಹಾಳಾಗುತ್ತದೆ, ನೆಲವೂ ಹಾಳು.

ಈ ದೊಡ್ಡ ಕೆಲಸಕ್ಕೆಲ್ಲ ಸಮಯ ಜೂನ್ 1ರಿಂದ ಜುಲೈ 31. ಬೋಟುಗಳಿಗೆ ರಜೆ, ನಮಗೂ ರಜೆ. ಎಲ್ಲರೂ ಗಾಡಿಗೆ ಟಾರ್ಪಾಲು ಹೊದೆಸಿ ಮನೆಯಲ್ಲಿ ಕೂರುತ್ತಾರೆ. ನಾನು ಮೇ ತಿಂಗಳ ಕೊನೆಗೇ ಗ್ಯಾರೇಜಿನಲ್ಲಿ ಜಾಗ ಹೇಳಿಡುತ್ತೇನೆ. ಮಳೆ ಜೋರು ಹಿಡಿಯುವ ಮೊದಲು ಕೋಟಿಂಗ್ ಒಣಗಬೇಕು. ಆಮೇಲೆ ಹೊಡೆಸಿದರೆ ತೇವ ಒಳಗೇ ಉಳಿಯುತ್ತದೆ. ಆ ಎರಡು ತಿಂಗಳು ಗಾಡಿಯನ್ನು ಹಾಗೇ ನಿಲ್ಲಿಸಲೂ ಬೇಡಿ, ಆಗಾಗ ಬಿಸಿಯಾಗುವಷ್ಟು ಓಡಿಸಿ.

ಟರ್ಬೊಗೆ ನೀವು ಮಾಡಬೇಕಾದ್ದು ಕಡಿಮೆ. ಆಯಿಲ್ ಮತ್ತು ಫಿಲ್ಟರ್ ಹೇಳಿದ ಕಿಲೋಮೀಟರಿಗೆ ಮೊದಲೇ ಬದಲಿಸಿ. ಲೋಡಿನಲ್ಲಿ ಘಾಟಿ ಹತ್ತಿಸುವುದು, ಮಂಜು ಮಳೆಯಲ್ಲಿ ನಿಂತು ನಿಂತು ಹೋಗುವುದು, ಎಲ್ಲ ಆಯಿಲ್‌ಗೆ ಕಷ್ಟದ ಕೆಲಸವೇ. ಸ್ಟಾರ್ಟ್ ಮಾಡಿದ ಕೂಡಲೇ ರೇಸ್ ಕೊಡಬೇಡಿ. ಆಗುಂಬೆ ಮೇಲೆ ಚಹಾಕ್ಕೆ ನಿಲ್ಲಿಸುತ್ತೀರಲ್ಲ, ನಿಲ್ಲಿಸಿದ ಕ್ಷಣ ಕೀ ತಿರುಗಿಸಬೇಡಿ. ಘಾಟಿ ಹತ್ತಿ ಟರ್ಬೊ ಕೆಂಪಗೆ ಕಾದಿರುತ್ತದೆ. ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟರೆ ಆಯಿಲ್ ಸುತ್ತಿ ಬಿಸಿ ಇಳಿಯುತ್ತದೆ. ಕೂಡಲೇ ಆಫ್ ಮಾಡಿದರೆ ಒಳಗೆ ನಿಂತ ಆಯಿಲ್ ಸುಟ್ಟು, ಸಂತೆಕಟ್ಟೆಯವರು ಹೇಳಿದ ಕರಿ ಕಟ್ಟುವುದು ಆಗಲೇ.

ಇಂಟರ್‌ಕೂಲರ್‌ನ ರೆಕ್ಕೆಗಳನ್ನೂ ವರ್ಷಕ್ಕೊಮ್ಮೆ ನೋಡಿ. ಅಲ್ಯೂಮಿನಿಯಂ, ಉಪ್ಪು ಗಾಳಿಗೆ ಬಿಳಿ ಪುಡಿ ಬರುತ್ತದೆ. ಮೆತ್ತಗೆ ನೀರು ಬಿಟ್ಟು ತೊಳೆಯಿರಿ, ಪ್ರೆಶರ್ ಹೊಡೆದರೆ ರೆಕ್ಕೆ ಮಡಚಿ ಹೋಗುತ್ತದೆ.

ಇನ್ನು ಒಂದು. ಹಿಂದಿನ ಚಾಸಿ ತುಕ್ಕು ಹಿಡಿದಿದೆ ಅಂದಿರಲ್ಲ, ಅದರ ಒಳಬದಿಯಲ್ಲೇ ಹಿಂದಿನ ಬ್ರೇಕ್ ಪೈಪ್ ಹೋಗುತ್ತದೆ. ಕ್ಲಿಪ್ ಇರುವ ಜಾಗದಲ್ಲಿ ಪೈಪನ್ನು ತುಕ್ಕು ತಿಂದಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಕ್ಲಿಪ್ ತೆಗೆದು ಉಗುರಿನಲ್ಲಿ ಕೆರೆದು ನೋಡಿ. ಪದರ ಎದ್ದು ಬಂದರೆ ಬದಲಿಸಲೇಬೇಕು. ನೀವು ಲೋಡಿನಲ್ಲಿ ಘಾಟಿ ಹತ್ತುವವರು, ಖಾಲಿ ಬಾಕ್ಸು ಹೇರಿಕೊಂಡು ಅದೇ ತಿರುವಿನಲ್ಲಿ ಇಳಿಯುವವರು. ಚಾಸಿ ಕೆಲಸ ಜೂನ್‌ವರೆಗೆ ಕಾಯಲಿ, ಬ್ರೇಕ್ ಪೈಪ್ ಈ ವಾರವೇ ಮಾಡಿಸಿ.