ಫಿಗ್ಮಾ ಬರುತ್ತದೆ, ಯೂಸರ್ ರಿಸರ್ಚ್ ಹೇಗೆ ಕಲಿಯುವುದು?

ಪ್ರಶ್ನೆ:
ಪ್ರಾಡಕ್ಟ್ ಡಿಸೈನ್ ಕಲಿಯುತ್ತಿದ್ದೇನೆ. ಡಿಸೈನ್ ಸಾಫ್ಟ್‌ವೇರ್ ಫಿಗ್ಮಾದಲ್ಲಿ ಆ್ಯಪ್‌ನ ಸ್ಕ್ರೀನ್ ಮಾಡುವುದು ಕೈಗೆ ಹತ್ತಿದೆ. ಯೂಸರ್ ರಿಸರ್ಚ್, ಅಂದರೆ ಬಳಸುವವರಿಂದ ತಿಳಿದುಕೊಳ್ಳುವ ಕೆಲಸ, ಮಾತ್ರ ತಲೆಗೆ ಹೋಗುತ್ತಿಲ್ಲ. "ಆ್ಯಪ್ ಇಷ್ಟ ಆಯ್ತಾ?" ಎಂದರೆ ಎಲ್ಲರೂ "ಚೆನ್ನಾಗಿದೆ" ಅನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು. ಎಷ್ಟು ಜನರನ್ನು ಕೇಳಬೇಕು?

ಉತ್ತರ 1:
ಇಷ್ಟ ಆಯ್ತಾ ಅಂತ ಕೇಳಲೇಬೇಡಿ. ಒಂದು ಕೆಲಸ ಕೊಡಿ: "ನಾಳೆಯ ಟಿಕೆಟ್ ಕ್ಯಾನ್ಸಲ್ ಮಾಡಿ ನೋಡೋಣ." ಆಮೇಲೆ ಸುಮ್ನೆ ಕೂತು ನೋಡಿ. ಬೆರಳು ಎಲ್ಲಿ ತಡವರಿಸುತ್ತದೆ, ಯಾವ ಬಟನ್ ಒತ್ತಿ ವಾಪಸ್ ಬರುತ್ತಾರೆ, ಅದನ್ನೇ ಬರೆದುಕೊಳ್ಳಿ. "ಇದನ್ನ ಒತ್ಲಾ?" ಅಂತ ಕೇಳಿದರೆ ಹೌದು ಅನ್ನಬೇಡಿ. "ಒತ್ತಿದ್ರೆ ಏನಾಗುತ್ತೆ ಅನ್ಸುತ್ತೆ?" ಅಂತ ತಿರುಗಿ ಕೇಳಿ. ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಶ್ನೆ ಅದು. ಅವರ ತಲೆಯಲ್ಲಿ ಇರುವ ಆ್ಯಪ್ ಆಗ ಕಾಣಿಸುತ್ತದೆ.

ಐದು ಜನ ಸಾಕು ಎಂದು ಬಳಕೆಯ ಸುಲಭತೆಯ (ಯೂಸಬಿಲಿಟಿ) ತಜ್ಞ ಜೇಕಬ್ ನೀಲ್ಸನ್ 2000ದಲ್ಲಿ ಬರೆದರು. ತೊಡಕು ಹುಡುಕುವುದಕ್ಕೆ ಅಷ್ಟು ಸಾಕು. ತಿದ್ದಿ, ಬೇರೆ ಐದು ಜನರಿಗೆ ತೋರಿಸಿ. ಶೇಕಡಾವಾರು ಲೆಕ್ಕ ಕೊಡಬೇಕಿದ್ದರೆ ಮಾತ್ರ ಜಾಸ್ತಿ ಜನ ಬೇಕು.

ಉತ್ತರ 2:
ನಿಮ್ಮ ಸ್ಕ್ರೀನ್‌ನಲ್ಲಿ ತಿಳಿ ಬೂದು ಅಕ್ಷರಗಳಿದ್ದರೆ, ಓದಲು ಆಗುತ್ತದಾ ಅಂತಲೂ ಒಮ್ಮೆ ನೋಡಿ. ವೆಬ್ ಎಲ್ಲರಿಗೂ ಬಳಸಲು ಬರುವಂತೆ ಮಾಡುವ ಮಾರ್ಗಸೂಚಿ ಡಬ್ಲ್ಯುಸಿಎಜಿ; ಅದರ ಎಎ ಮಟ್ಟಕ್ಕೆ ಮಾಮೂಲಿ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5:1 ಕಾಂಟ್ರಾಸ್ಟ್ (ಅಕ್ಷರ ಮತ್ತು ಹಿನ್ನೆಲೆಯ ಹೊಳಪಿನ ಅನುಪಾತ) ಬೇಕು.

ಪ್ರಶ್ನೆ ಕೇಳಿದವರು:
ಕೊಟ್ಟ ಕೆಲಸ ಮಾಡುವಾಗ ಅವರ ಮನಸ್ಸಿಗೆ ಬಂದದ್ದನ್ನು ಜೋರಾಗಿ ಹೇಳಿಸಬೇಕಾ?

ಉತ್ತರ 1:
ಹೇಳಿಸಿ. ಆದರೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಅಳೆಯುವಾಗ ಬೇಡ. ಮಾತಾಡುತ್ತಾ ಮಾಡಿದರೆ ನಿಧಾನ ಆಗಬಹುದು, ಅಲ್ವಾ? ಮೊದಲ ಸಲಕ್ಕೆ ಕಾಗದದ ಮೇಲೆ ಬಿಡಿಸಿದ ಸ್ಕ್ರೀನ್ ಆದರೂ ನಡೆಯುತ್ತದೆ.