ಮೈಸೂರು–ಮಂಡ್ಯ ಪೊಲೀಸರು ಒಬ್ಬರಿಗೊಬ್ಬರು ಆಗುವುದು ದಸರಾಕ್ಕೆ ಮಾತ್ರವಾ?

ಗಂಜಾಂ ನಿವಾಸಿ
ಹೋದ ತಿಂಗಳು ರಾತ್ರಿ ಮೈಸೂರಿನಿಂದ ಮನೆಗೆ ಬರುತ್ತಿದ್ದೆ. ಜಿಲ್ಲೆ ಗಡಿ ಹತ್ತಿರ ಬೈಕೊಂದು ಬಿದ್ದಿತ್ತು, ಹುಡುಗನ ಕಾಲಿಗೆ ಪೆಟ್ಟಾಗಿತ್ತು. ಆಂಬುಲೆನ್ಸ್ ಬೇಗ ಬಂತು, ಅದರ ಬಗ್ಗೆ ತಕರಾರಿಲ್ಲ. ಗುದ್ದಿ ಓಡಿಹೋದ ಕಾರಿನ ನಂಬರ್ ನನ್ನ ಫೋನಿನಲ್ಲಿತ್ತು. ಒಂದು ಠಾಣೆಗೆ ಹೋದೆ. "ಇದು ನಮ್ಮ ಲಿಮಿಟ್ಸ್ ಅಲ್ಲ, ಆ ಕಡೆಯವರಿಗೆ ಹೇಳಿ" ಎಂದರು. ಆ ಕಡೆಯವರು "ಸೇತುವೆಯಿಂದ ಈಚೆನಾ, ಆಚೆನಾ, ಸರಿಯಾಗಿ ಹೇಳಿ" ಎಂದರು. ಕತ್ತಲಲ್ಲಿ ಟೇಪು ಹಿಡಿದು ಅಳೆಯಲಾ? ಅಷ್ಟರಲ್ಲಿ ಕಾರು ಎಲ್ಲಿಗೆ ಹೋಯಿತೋ ದೇವರಿಗೇ ಗೊತ್ತು. ಠಾಣೆಗಳ ಹೆಸರು ಬೇಡ, ಅಲ್ಲಿ ಡ್ಯೂಟಿಯಲ್ಲಿದ್ದವರ ಮೇಲೆ ನನಗೆ ಸಿಟ್ಟಿಲ್ಲ.

ಅಮೆರಿಕದಲ್ಲಿ ಅಕ್ಕಪಕ್ಕದ ಊರಿನ ಪೊಲೀಸರು ಮೊದಲೇ ಒಪ್ಪಂದ ಬರೆದುಕೊಂಡಿರುತ್ತಾರಂತೆ. ನಮ್ಮೂರಿಗೆ ನೀವು ಬನ್ನಿ, ನಿಮ್ಮೂರಿಗೆ ನಾವು ಬರುತ್ತೇವೆ ಅಂತ. ನಮ್ಮವರು ದಸರಾ ಬಂದರೆ ಜೊತೆಯಲ್ಲಿ ನಿಲ್ಲುತ್ತಾರೆ, ಮಿಕ್ಕ ದಿನ ಗಡಿ ಅಡ್ಡ ಬರುತ್ತದೆ. ನಮಗೂ ಅಂಥದ್ದೊಂದು ಬೇಕಲ್ವಾ?

ಹಳೇ ಟೋಪಿ
ನಾನು ಇಲಾಖೆಯಲ್ಲಿದ್ದು ಎಎಸ್‌ಐ ಆಗಿ ನಿವೃತ್ತನಾದವನು. ಅಮೆರಿಕದ ಮಾತು ಇಲ್ಲಿಗೆ ಹೊಂದುವುದಿಲ್ಲ ಸ್ವಾಮಿ. ಅಲ್ಲಿ ಒಂದೊಂದು ಊರಿಗೂ ಬೇರೆ ಬೇರೆ ಪೊಲೀಸ್. ಇಲ್ಲಿ ಇಡೀ ರಾಜ್ಯಕ್ಕೆ ಒಂದೇ ಇಲಾಖೆ, ಒಬ್ಬರೇ ಡಿಜಿ. ತನ್ನೊಳಗೇ ಯಾರಾದರೂ ಒಪ್ಪಂದ ಮಾಡಿಕೊಳ್ಳುತ್ತಾರಾ? ಆರ್ಡರ್ ಬಂದರೆ ಸಾಕು.

ಮಂಡ್ಯ ಎಸ್‌ಪಿಗೆ ಜನ ಸಾಲದಿದ್ದರೆ ದಕ್ಷಿಣ ವಲಯದ ಐಜಿಪಿಗೆ ಕೇಳುತ್ತಾರೆ. ಅವರ ಕಚೇರಿ ಮೈಸೂರಿನಲ್ಲೇ ಇದೆ. ಮೈಸೂರು ಜಿಲ್ಲೆ, ಮಂಡ್ಯ, ಹಾಸನ, ಕೊಡಗು, ಚಾಮರಾಜನಗರ, ಎಲ್ಲ ಅವರ ಕೈಕೆಳಗೆ. ವೈರ್‌ಲೆಸ್‌ನಲ್ಲಿ ಮೆಸೇಜು ಬಂತೆಂದರೆ ರಾತ್ರಿಯೇ ವ್ಯಾನು ಹತ್ತಬೇಕು. 2016ರ ಸೆಪ್ಟೆಂಬರ್ 5ರಂದು ಕಾವೇರಿ ನೀರು ದಿನಕ್ಕೆ 15,000 ಕ್ಯೂಸೆಕ್ ಬಿಡಿ ಎಂದು ಸುಪ್ರೀಂ ಕೋರ್ಟ್ ಹೇಳಿತಲ್ಲ, ಆಗ ಮಂಡ್ಯದಲ್ಲಿ ನಿಂತವರೆಲ್ಲ ಮಂಡ್ಯದವರಾ? ಹೊರ ಜಿಲ್ಲೆಯವರು ಬಂದರು, ರಾಜ್ಯದ ಮೀಸಲು ಪಡೆ ಕೆಎಸ್‌ಆರ್‌ಪಿ ಬಂತು, ಕೇಂದ್ರದ ಪಡೆಯೂ ಬಂತು. ಕಾಗದದ ಮೇಲೆ ಯಾರೂ ಒಪ್ಪಂದ ಬರೆದಿರಲಿಲ್ಲ.

ಅಗ್ರಹಾರದವನು
ಟೋಪಿ ಸಾರ್, ಒಂದು ವಿಷಯ ಬಿಟ್ಟಿರಿ. ಮೈಸೂರು ಸಿಟಿ ಐಜಿಪಿ ಕೆಳಗೆ ಬರುವುದಿಲ್ಲ. ಸಿಟಿಗೆ ಕಮಿಷನರ್ ಇದ್ದಾರೆ, ಅವರ ದಾರಿ ನೇರ ಬೆಂಗಳೂರಿಗೆ. ಶ್ರೀರಂಗಪಟ್ಟಣಕ್ಕೆ ಹತ್ತಿರ ಇರುವುದು ಮೈಸೂರು ಸಿಟಿ. ಆದರೆ ವಲಯದ ಲೆಕ್ಕದಲ್ಲಿ ಶ್ರೀರಂಗಪಟ್ಟಣದ ಜೊತೆ ಇರುವುದು ಎಲ್ಲೋ ದೂರದ ಮಡಿಕೇರಿ! ಕಾಗದ ಹೋಗುವ ದಾರಿಯೇ ಹೀಗಿದ್ದರೆ ರಾತ್ರಿ ಹೊತ್ತು ಯಾರು ಯಾರನ್ನು ಕೇಳಬೇಕು?

ಹಳೇ ಟೋಪಿ
ಕಾಗದದ ಮಾತು ನಿಜ. ಆದರೆ ಒಬ್ಬ ಇನ್‌ಸ್ಪೆಕ್ಟರ್ ಇನ್ನೊಬ್ಬ ಇನ್‌ಸ್ಪೆಕ್ಟರ್‌ಗೆ ಫೋನು ಮಾಡುತ್ತಾರೆ. ಬ್ಯಾಚ್‌ಮೇಟ್ ಆಗಿದ್ದರಂತೂ ಹತ್ತು ನಿಮಿಷದಲ್ಲಿ ಕೆಲಸ ಆಗುತ್ತದೆ.

ಅಗ್ರಹಾರದವನು
ಬ್ಯಾಚ್‌ಮೇಟ್ ಅಲ್ಲದಿದ್ದರೆ?

ಕರಿ ಕೋಟು
ವಕೀಲನಾಗಿ ಎರಡು ಮಾತು. ಮೊದಲ ಪೋಸ್ಟಿನವರಿಗೆ ಆದದ್ದು ಸಹಾಯದ ಕೊರತೆ ಮಾತ್ರವಲ್ಲ, ಕಾನೂನನ್ನೇ ಪಾಲಿಸದಿರುವುದು. 2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿ (ಕ್ರಿಮಿನಲ್ ಕೇಸು ನಡೆಸುವ ಕ್ರಮದ ಕಾನೂನು) ಬದಲಿಗೆ ಹೊಸ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ಅದರ 173ನೇ ಸೆಕ್ಷನ್ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಠಾಣೆಯವರು ಮಾಹಿತಿ ಬರೆದುಕೊಳ್ಳಬೇಕು. ಇದನ್ನೇ ನಾವು ಜೀರೋ ಎಫ್‌ಐಆರ್ ಅನ್ನುವುದು. ಬರೆದುಕೊಂಡು ಆಮೇಲೆ ಸಂಬಂಧಪಟ್ಟ ಠಾಣೆಗೆ ಕಳಿಸಲಿ. ಈಚೆನಾ ಆಚೆನಾ ಎಂದು ನೋಡುವುದು ಅವರ ಕೆಲಸ, ದೂರು ಕೊಟ್ಟವರದ್ದಲ್ಲ.

ಬೆನ್ನಟ್ಟುವುದಕ್ಕೂ ಗಡಿ ಇಲ್ಲ. 45ನೇ ಸೆಕ್ಷನ್ ಓದಿ. ವಾರಂಟ್ ಇಲ್ಲದೆ ಹಿಡಿಯಬಹುದಾದ ಆರೋಪಿಯನ್ನು ಪೊಲೀಸರು ದೇಶದ ಯಾವ ಮೂಲೆಗೆ ಬೇಕಾದರೂ ಬೆನ್ನಟ್ಟಿ ಹೋಗಬಹುದು. ಬೇರೆ ಠಾಣೆ ವ್ಯಾಪ್ತಿಯಲ್ಲಿ ಶೋಧನೆ ಮಾಡಬೇಕಾದರೆ 186ನೇ ಸೆಕ್ಷನ್ ಇದೆ. ಅಲ್ಲಿಯ ಠಾಣಾಧಿಕಾರಿಗೆ ಕೇಳಬಹುದು. ಕೇಳುತ್ತಾ ಕೂತರೆ ಸಾಕ್ಷ್ಯ ಹಾಳಾಗುತ್ತದೆ ಅನ್ನಿಸಿದರೆ ತಾನೇ ಹೋಗಿ ಹುಡುಕಿ, ಆ ಠಾಣೆಗೆ ನೋಟಿಸ್ ಕೊಟ್ಟರಾಯಿತು. ಹಳೆಯ ಸಿಆರ್‌ಪಿಸಿಯಲ್ಲೂ ಇವು 48, 166 ಎಂದು ಇದ್ದವು. ಹಾಗಾಗಿ ಹೊಸ ಒಪ್ಪಂದ ಬೇಡ, ಇರುವುದನ್ನು ಓದಿದರೆ ಸಾಕು.

ಸಕ್ಕರೆ ನಾಡು
ಓದೋರು ಯಾರು ಗುರುಗಳೇ? 😀
ಗಡಿ ದಾಟುವ ಕಳ್ಳನಿಗೆ ಈ ಸೆಕ್ಷನ್ ಎಲ್ಲ ಚೆನ್ನಾಗಿ ಗೊತ್ತಿರುತ್ತದೆ.

ತಮಾಷೆ ಬಿಡಿ. 2023ರಲ್ಲಿ ನಮ್ಮ ಮಂಡ್ಯದ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿತ್ತು ಅಂತ ಸುದ್ದಿಯಾಯಿತಲ್ಲ. ಪತ್ತೆ ಇಲ್ಲಿ, ಗರ್ಭಪಾತ ಮೈಸೂರಿನ ಆಸ್ಪತ್ರೆಯಲ್ಲಿ. ಎರಡೂ ಊರಿನ ಮಧ್ಯೆ ಒಂದು ಗಂಟೆ ದಾರಿ. ಅದನ್ನು ಬಯಲಿಗೆ ತಂದವರು ಮಂಡ್ಯದವರೂ ಅಲ್ಲ, ಮೈಸೂರಿನವರೂ ಅಲ್ಲ, ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು. ಆಮೇಲೆ ಸಿಐಡಿಗೆ ಹೋಯಿತು. ಬಂದೋಬಸ್ತ್‌ಗೆ ಜನ ಕೊಡುವುದು ಸುಲಭ. ನಮ್ಮ ಊರಿನಲ್ಲಿ ಏನೋ ನಡೀತಿದೆ, ನಿಮ್ಮ ಕಡೆ ಅದರ ಬಾಲ ಇದೆಯಾ ನೋಡಿ ಅಂತ ಕೇಳುವುದೇ ಇಲ್ಲ.

ಹಳೇ ಟೋಪಿ
ಆ ಕೇಸಿನಲ್ಲಿ ಪೊಲೀಸರೊಬ್ಬರನ್ನೇ ದೂರಬೇಡಿ. ಸ್ಕ್ಯಾನಿಂಗ್ ಯಂತ್ರದ ಮೇಲೆ ಕಣ್ಣಿಡಬೇಕಾದದ್ದು ಮೊದಲು ಆರೋಗ್ಯ ಇಲಾಖೆ.

ಸಕ್ಕರೆ ನಾಡು
ಒಪ್ಪಿದೆ. ಆದರೂ ಬೆಂಗಳೂರಿನವರಿಗೆ ಸಿಕ್ಕ ಎಳೆ ನಮಗೆ ಯಾಕೆ ಸಿಗಲಿಲ್ಲ ಅನ್ನುವ ಪ್ರಶ್ನೆ ಹಾಗೇ ಇದೆ.

ಕ್ವಾರ್ಟರ್ಸ್ ಮನೆಯಾಕೆ
ಎಲ್ಲರೂ ಸಹಾಯ ಸಹಾಯ ಅನ್ನುತ್ತಿದ್ದೀರಿ. ಆ ಸಹಾಯ ಯಾರ ಮೈಮೇಲೆ ಬೀಳುತ್ತದೆ ಅಂತ ಒಬ್ಬರೂ ಕೇಳಲಿಲ್ಲ. ನಮ್ಮ ಯಜಮಾನರು ಮಂಡ್ಯ ಜಿಲ್ಲೆಯಲ್ಲಿ ಹೆಡ್ ಕಾನ್‌ಸ್ಟೆಬಲ್. ಆಯುಧಪೂಜೆ ದಿನ ಮನೆಯಲ್ಲಿ ಇದ್ದದ್ದು ನನಗೆ ನೆನಪೇ ಇಲ್ಲ. ನಮ್ಮ ಸ್ಕೂಟರಿಗೆ ಕುಂಬಳಕಾಯಿ ಒಡೆಯುವುದು ನಾನೇ.

ದಸರಾ ಬಂದೋಬಸ್ತ್‌ಗೆ ಹೋದರೆ ಯಾವುದೋ ಕಲ್ಯಾಣ ಮಂಟಪದ ನೆಲದ ಮೇಲೆ ಜಮಖಾನ. ಅಷ್ಟು ಜನಕ್ಕೆ ನಾಲ್ಕು ಬಚ್ಚಲು. ಬೆಳಗಿನ ಜಾವಕ್ಕೇ ಎದ್ದು ರಸ್ತೆಯಲ್ಲಿ ನಿಂತರೆ ಅಂಬಾರಿ ಹೋಗಿ, ಬನ್ನಿಮಂಟಪದ ಪಂಜಿನ ಕವಾಯತು ಮುಗಿಯುವ ತನಕ ಬೂಟು ಬಿಚ್ಚುವ ಹಾಗಿಲ್ಲ. ಊಟದ ಪೊಟ್ಟಣ ಬರುವ ಹೊತ್ತಿಗೆ ಅನ್ನ ತಣ್ಣಗಾಗಿರುತ್ತದೆ. ಹೆಣ್ಣು ಮಕ್ಕಳ ಕಷ್ಟ ಇನ್ನೂ ಜಾಸ್ತಿ. ಸಂಚಾರಿ ಶೌಚಾಲಯ ಎಲ್ಲಿದೆ ಅಂತ ಹುಡುಕುವುದರಲ್ಲೇ ಡ್ಯೂಟಿ ಕಳೆಯುತ್ತದೆ ಅಂತ ಅವರ ಜೊತೆಯ ಕಾನ್‌ಸ್ಟೆಬಲ್ ಹುಡುಗಿ ಹೇಳಿದ್ದಳು. ಟಿಎ (ಪ್ರಯಾಣ ಭತ್ಯೆ) ಬಿಲ್ಲು ಬರೆದು ಕೊಟ್ಟು ಮರೆತುಬಿಡಬೇಕು, ಬಂದಾಗ ಬಂತು.

ಅತ್ತ ಠಾಣೆಯಲ್ಲಿ ಉಳಿದವರಿಗೆ ರಜೆ ಇಲ್ಲ, ಹಗಲೂ ರಾತ್ರಿ ಅವರೇ. ಒಪ್ಪಂದ ಬರೆಯುವುದಾದರೆ ಇದನ್ನೂ ಬರೆಯಿರಿ. ಎಲ್ಲಿ ಮಲಗಿಸುತ್ತೀರಿ, ಏನು ತಿನ್ನಿಸುತ್ತೀರಿ, ದುಡ್ಡು ಯಾವಾಗ ಕೊಡುತ್ತೀರಿ ಅಂತ.

ಅಗ್ರಹಾರದವನು
ಅಮ್ಮ, ನೀವು ಹೇಳಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಇನ್ನೊಂದು ಸೇರಿಸುತ್ತೇನೆ. ಹೊರಗಿನಿಂದ ಬಂದವರಿಗೆ ಮೈಸೂರಿನ ಗಲ್ಲಿ ಗೊತ್ತಿರುವುದಿಲ್ಲ. ಸಯ್ಯಾಜಿರಾವ್ ರಸ್ತೆಗೆ ಅಡ್ಡ ನಿಂತವರನ್ನು ದೇವರಾಜ ಮಾರುಕಟ್ಟೆಗೆ ಹೇಗೆ ಹೋಗುವುದು ಅಂತ ಕೇಳಿದರೆ ಅವರೇ ನನ್ನನ್ನು ದಾರಿ ಕೇಳಿದರು. ಅವರ ತಪ್ಪಲ್ಲ. ನಾಲ್ಕು ಹೊರಗಿನವರ ಜೊತೆ ಒಬ್ಬ ಇಲ್ಲಿಯವನನ್ನು ಹಾಕಿದರೆ ಆಗುತ್ತದೆ. ಕೆಲವು ಕಡೆ ಹಾಕುತ್ತಾರೆ, ಕೆಲವು ಕಡೆ ಹೋಂಗಾರ್ಡ್ ಹುಡುಗನೇ ಗತಿ.

ಗಂಜಾಂ ನಿವಾಸಿ
ನಮ್ಮ ಕಡೆಯ ವಿಚಿತ್ರ ಕೇಳಿ. ಮೈಸೂರಿನ ನವರಾತ್ರಿಯಲ್ಲೇ ನಮ್ಮ ಶ್ರೀರಂಗಪಟ್ಟಣ ದಸರಾನೂ ಬರುತ್ತದೆ. ಕಿರಂಗೂರಿನ ಬನ್ನಿಮಂಟಪದಿಂದ ಮೆರವಣಿಗೆ. ಅದಕ್ಕೆ ಆನೆ ಬರುವುದು ಮೈಸೂರಿನಿಂದ. ಅಂದರೆ ಅವರು ನಮಗೆ ಆನೆ ಕೊಡುತ್ತಾರೆ, ನಾವು ಅವರಿಗೆ ಪೊಲೀಸ್ ಕೊಡುತ್ತೇವೆ. ಈ ಲೆಕ್ಕ ಮಾತ್ರ ಪ್ರತಿ ವರ್ಷ ತಪ್ಪದೆ ನಡೆಯುತ್ತದೆ!

ಓಹಾಯೊ ಕನ್ನಡಿಗ
ಹುಟ್ಟೂರು ಪಾಂಡವಪುರ, ಈಗ ಅಮೆರಿಕದಲ್ಲಿದ್ದೇನೆ. ಇಲ್ಲಿಯದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈ ದೇಶದಲ್ಲಿ ಸುಮಾರು 18,000 ಪೊಲೀಸ್ ಸಂಸ್ಥೆಗಳಿವೆ. ಎಷ್ಟೋ ಊರಿನಲ್ಲಿ ಹತ್ತು ಜನ ಪೊಲೀಸರೂ ಇರುವುದಿಲ್ಲ. ದೊಡ್ಡದೇನಾದರೂ ಆದರೆ ಪಕ್ಕದ ಊರಿನವರು ಬರಲೇಬೇಕು. ಅದಕ್ಕೇ ಮೊದಲೇ ಬರೆದಿಡುತ್ತಾರೆ. ಬಂದವರಿಗೆ ಹುಕುಂ ಕೊಡುವವರು ಯಾರು, ಗಾಯವಾದರೆ ಯಾರ ವಿಮೆ, ಓವರ್‌ಟೈಮ್ ಯಾರ ಖರ್ಚು, ಜನ ಕೇಸು ಹಾಕಿದರೆ ಉತ್ತರ ಯಾರು ಕೊಡಬೇಕು.

ಹಾಗಂತ ಇಲ್ಲಿ ಎಲ್ಲ ಸರಿಯಾಗಿದೆ ಅಂದುಕೊಳ್ಳಬೇಡಿ. 2014ರಲ್ಲಿ ಫರ್ಗ್ಯುಸನ್ ಅನ್ನುವ ಊರಿನಲ್ಲಿ ಗಲಭೆ ಆಯಿತು. 50ಕ್ಕೂ ಹೆಚ್ಚು ಇಲಾಖೆಯವರು ಸಹಾಯಕ್ಕೆ ಬಂದರು. ಒಬ್ಬೊಬ್ಬರ ತರಬೇತಿ ಒಂದೊಂದು ಥರ, ನಿಯಮವೂ ಬೇರೆ ಬೇರೆ. ಒಬ್ಬರು ನಾಯಿ ತಂದರು, ಇನ್ನೊಬ್ಬರು ಮಿಲಿಟರಿ ಥರದ ಗಾಡಿ ತಂದರು. ಆಮೇಲೆ ನ್ಯಾಯ ಇಲಾಖೆ ಮಾಡಿಸಿದ ವರದಿಯಲ್ಲಿ ಇದೇ ಹೊಂದಾಣಿಕೆ ಇಲ್ಲದ್ದನ್ನು ಎತ್ತಿ ತೋರಿಸಿದರು. ಸಹಾಯಕ್ಕೆ ಬಂದವರು ಜಾಸ್ತಿಯಾದಷ್ಟೂ ಯಜಮಾನ ಯಾರು ಅನ್ನುವುದು ಮೊದಲೇ ಗೊತ್ತಿರಬೇಕು.

ಕರಿ ಕೋಟು
ಇಂಗ್ಲೆಂಡಿನಲ್ಲಿ ಇದನ್ನು ಕಾಯ್ದೆಯಲ್ಲೇ ಹಾಕಿದ್ದಾರೆ. 1996ರ ಪೊಲೀಸ್ ಕಾಯ್ದೆ, 24ನೇ ಸೆಕ್ಷನ್. ಸಹಾಯಕ್ಕೆ ಹೋದವರು ಕರೆಸಿಕೊಂಡ ಮುಖ್ಯಾಧಿಕಾರಿಯ ಹತೋಟಿಯಲ್ಲಿ ಇರಬೇಕು, ಖರ್ಚು ಕರೆಸಿಕೊಂಡವರದ್ದು. ಮೇಲೆ ಆ ಅಮ್ಮ ಕೇಳಿದ ಟಿಎ ಪ್ರಶ್ನೆಗೆ ಅಲ್ಲಿ ಕಾನೂನಿನಲ್ಲೇ ಉತ್ತರ ಇದೆ. ಅಷ್ಟರ ಮಟ್ಟಿಗೆ, ಇರುವ ಕಾನೂನು ಸಾಕು ಅಂದ ನನ್ನ ಮಾತು ಅರ್ಧ ಮಾತ್ರ ನಿಲ್ಲುತ್ತದೆ. ಕೇಸಿಗೆ ಸಾಕು, ಬಂದೋಬಸ್ತ್‌ಗೆ ಸಾಲದು.

ಹಳೇ ಟೋಪಿ
ಖರ್ಚು ಕರೆಸಿಕೊಂಡವರದ್ದು ಅಂದರೆ ನಮ್ಮಲ್ಲಿ ಎಡಗೈಯಿಂದ ಬಲಗೈಗೆ ಕೊಟ್ಟ ಹಾಗೆ. ಎಲ್ಲ ಒಂದೇ ಖಜಾನೆ. ಕರೆಸುವ ಜಿಲ್ಲೆಗೆ ಬಿಸಿ ಮುಟ್ಟುವುದಿಲ್ಲ, ಅದಕ್ಕೇ ಬೇಕಾದ್ದಕ್ಕಿಂತ ಜಾಸ್ತಿ ಜನ ಕೇಳುತ್ತಾರೆ. ಇದು ನಾನು ಸರ್ವೀಸಿನಲ್ಲಿ ನೋಡಿದ್ದು. ಮೇಲುಕೋಟೆ ವೈರಮುಡಿ ಇರಲಿ, ಶ್ರೀರಂಗಪಟ್ಟಣದ ಹನುಮ ಮಾಲಾಧಾರಿಗಳ ಯಾತ್ರೆ ಇರಲಿ, ಮರದ ಕೆಳಗೆ ಸುಮ್ನೆ ನಿಂತ ತುಕಡಿಗಳೂ ಇರುತ್ತವೆ.

ಒಬ್ಬರೇ ಯಜಮಾನ ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಹೆದ್ದಾರಿ ನೋಡಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್ 12ರಂದು ಉದ್ಘಾಟನೆ ಆಯಿತು. ಆಗಿನ ರಾಮನಗರ, ಮಂಡ್ಯ, ಮೈಸೂರು, ಎಲ್ಲ ಜಿಲ್ಲೆಯೂ ಬರುತ್ತದೆ. ಅಪಘಾತ ಮಿತಿಮೀರಿದಾಗ ಜಿಲ್ಲೆ ಜಿಲ್ಲೆಗೆ ಬಿಡಲಿಲ್ಲ, ಸಂಚಾರ ವಿಭಾಗದ ಎಡಿಜಿಪಿಯೇ ಇಳಿದು ಬಂದರು. ಉದ್ದಕ್ಕೂ ಸ್ಪೀಡ್ ಹಿಡಿಯುವ ಕ್ಯಾಮೆರಾ ಬಂತು. ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರಿಗೆ ಮುಖ್ಯ ರಸ್ತೆಯಲ್ಲಿ ಪ್ರವೇಶ ಇಲ್ಲ ಅಂತಾಯಿತು. ಮದ್ದೂರಿನಲ್ಲಿ ಒಂದು ನಿಯಮ, ಬಿಡದಿಯಲ್ಲಿ ಒಂದು ನಿಯಮ ಅಂತ ಇಲ್ಲ.

ಗಂಜಾಂ ನಿವಾಸಿ
ಎಡಿಜಿಪಿ ಇಳಿದು ಬಂದರೆ ಆಗುತ್ತದೆ, ಸರಿ. ನಮ್ಮ ಕಾವೇರಿ ಹೊಳೆಗೆ ಯಾವ ಎಡಿಜಿಪಿ ಬರುತ್ತಾರೆ? ಬಲಮುರಿ, ಎಡಮುರಿ ಕಡೆ ಈಜಲು ಹೋಗುವ ಹುಡುಗರು ಜಾಸ್ತಿ ಮೈಸೂರಿನವರು. ಮುಳುಗುವುದು ಮಂಡ್ಯ ಜಿಲ್ಲೆಯಲ್ಲಿ. ಮಗ ಮನೆಗೆ ಬಂದಿಲ್ಲ ಅಂತ ತಾಯಿ ದೂರು ಕೊಡುವುದು ಮೈಸೂರಿನ ಠಾಣೆಯಲ್ಲಿ. ಹೆಣ ತೇಲುವುದು ಇನ್ನೂ ಕೆಳಗೆ. ಈ ಠಾಣೆಯಲ್ಲಿ ಕಾಣೆಯಾದವನ ಕೇಸು, ಆ ಠಾಣೆಯಲ್ಲಿ ಅಪರಿಚಿತ ಶವದ ಕೇಸು. ಎರಡೂ ಒಂದೇ ಹುಡುಗನದ್ದು ಅಂತ ತಾಳೆ ಆಗುವ ತನಕ ಮನೆಯವರ ಪಾಡು ಕೇಳುವವರಿಲ್ಲ. ಕೆಲವು ಕಡೆ ಇನ್ನೂ ಕಷ್ಟ. ಈ ದಡ ಒಂದು ಜಿಲ್ಲೆ, ಆ ದಡ ಇನ್ನೊಂದು. ನೀರಿನ ಮಧ್ಯೆ ಗೆರೆ ಎಳೆದವರು ಯಾರು?

ಹಳೇ ಟೋಪಿ
ಇದಕ್ಕೆ ನಾನು ವಾದ ಮಾಡುವುದಿಲ್ಲ. ಮಹಜರು ಮಾಡುವುದು ಶವ ಸಿಕ್ಕ ಕಡೆಯ ಠಾಣೆ, ಅದು ಸರಿ. ನಮ್ಮ ಕಾಲದಲ್ಲಿ ವೈರ್‌ಲೆಸ್‌ನಲ್ಲಿ ಚಹರೆ ಓದುತ್ತಿದ್ದರು. ಸಾಧಾರಣ ಮೈಕಟ್ಟು, ಗೋಧಿ ಬಣ್ಣ, ನೀಲಿ ಗೆರೆ ಅಂಗಿ. ಅರ್ಧ ರಾಜ್ಯಕ್ಕೆ ಹೊಂದುತ್ತಿತ್ತು. ಈಗ ಎಲ್ಲ ಠಾಣೆ ಕಂಪ್ಯೂಟರಿನಲ್ಲಿ ಜೋಡಣೆಯಾಗಿದೆ, ವಾಟ್ಸಾಪ್‌ನಲ್ಲಿ ಫೋಟೋ ಹೋಗುತ್ತದೆ. ಆದರೂ ಕಾಣೆಯಾದವರ ಪಟ್ಟಿಯನ್ನೂ ಸಿಕ್ಕ ಶವಗಳ ಪಟ್ಟಿಯನ್ನೂ ದಿನಾ ಕೂತು ತಾಳೆ ನೋಡುವ ಒಬ್ಬ ಮನುಷ್ಯ ಬೇಕು. ಆ ಒಬ್ಬನನ್ನೂ ಬಂದೋಬಸ್ತ್‌ಗೆ ಕಳಿಸಿರುತ್ತಾರೆ.

ಸಕ್ಕರೆ ನಾಡು
ಹಾಗಾದರೆ ನಾವು ಕೇಳಬೇಕಾದದ್ದು ದೊಡ್ಡ ಒಪ್ಪಂದ ಅಲ್ಲ. ಹೊಳೆ ಆಚೀಚೆಯ ನಾಲ್ಕೈದು ಠಾಣೆಗೆ ಒಂದು ಪುಟದ ಆರ್ಡರ್. ಗಡಿ ಹತ್ತಿರ ಕರೆ ಬಂದರೆ ಮೊದಲು ಹತ್ತಿರದವರು ಹೋಗಬೇಕು, ಲಿಮಿಟ್ಸ್ ಆಮೇಲೆ ನೋಡಿಕೊಳ್ಳಲಿ. ಕಾಣೆಯಾದವರ ಫೋಟೋ ಅದೇ ದಿನ ಆಚೆ ದಡಕ್ಕೆ ಹೋಗಬೇಕು. ಅಷ್ಟೇ.

ಕ್ವಾರ್ಟರ್ಸ್ ಮನೆಯಾಕೆ
ಮತ್ತೆ ಜನ? ಇರುವವರನ್ನೇ ಅತ್ತ ಇತ್ತ ಎಳೆದರೆ ಆಯಿತಾ? ಖಾಲಿ ಹುದ್ದೆ ತುಂಬಿಸದೆ ಯಾವ ಆರ್ಡರ್ ಬಂದರೂ ನಮ್ಮ ಮನೆಯವರ ನಿದ್ದೆಗೇ ಕತ್ತರಿ.

ಅಗ್ರಹಾರದವನು
ಅವರ ಮಾತಿಗೆ ಯಾರ ಹತ್ತಿರವೂ ಉತ್ತರ ಇಲ್ಲ ಅನ್ನಿಸುತ್ತದೆ.

ಗಂಜಾಂ ನಿವಾಸಿ
ಕೋಟು ಸಾರ್, ನನ್ನ ವಿಷಯಕ್ಕೆ ಬರುತ್ತೇನೆ. ಆ ಕಾರಿನ ನಂಬರ್ ಇನ್ನೂ ನನ್ನ ಹತ್ತಿರ ಇದೆ. ಈಗಲೂ ಏನಾದರೂ ಮಾಡಬಹುದಾ? ಹುಡುಗನ ಮನೆಯವರೂ ಕೇಳುತ್ತಿದ್ದಾರೆ.

ಕರಿ ಕೋಟು
ಮಾಡಬಹುದು. ಮನೆಯವರ ಕೈಲಿ ದೂರು ಬರೆಸಿ. ನೀವು ಸಾಕ್ಷಿ ಆಗಿ. ಜಾಗ, ಹೊತ್ತು, ಕಾರಿನ ನಂಬರ್, ಆಸ್ಪತ್ರೆಯ ಚೀಟಿ ಎಲ್ಲ ಇರಲಿ. ತಡ ಯಾಕಾಯಿತು ಅಂತ ಅದರಲ್ಲೇ ಬರೆಯಿರಿ, ಎರಡು ಕಡೆ ಅಲೆಸಿದ್ದನ್ನೂ ಸೇರಿಸಿ. ಯಾವ ಠಾಣೆಗಾದರೂ ಕೊಡಿ. ತೆಗೆದುಕೊಳ್ಳದಿದ್ದರೆ 173ರ 4ನೇ ಉಪಸೆಕ್ಷನ್ ಪ್ರಕಾರ ಅಂಚೆಯಲ್ಲಿ ಎಸ್‌ಪಿಗೆ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಹತ್ತಿರ ಹೋಗಬಹುದು.

ಹಳೇ ಟೋಪಿ
ಮತ್ತೆ ಹೀಗೆ ಏನಾದರೂ ಕಂಡರೆ ಠಾಣೆಗೆ ಹೋಗುವ ಮೊದಲು ಅಲ್ಲಿಂದಲೇ 112ಕ್ಕೆ ಫೋನು ಮಾಡಿ. ಕಿಲೋಮೀಟರ್ ಕಲ್ಲಿನ ನಂಬರ್ ಹೇಳಿ. ಆ ಕರೆ ದಾಖಲಾಗುತ್ತದೆ, ಆಮೇಲೆ ಗಡಿಯ ಮಾತು ಆಡುವುದು ಅವರಿಗೂ ಕಷ್ಟ.

ಗಂಜಾಂ ನಿವಾಸಿ
ಸರಿ ಸಾರ್. ಸೋಮವಾರ ಹುಡುಗನ ಅಪ್ಪನ ಜೊತೆ ಹೋಗುತ್ತೇನೆ. ಏನಾಯಿತು ಅಂತ ಇಲ್ಲೇ ಬರೆಯುತ್ತೇನೆ.