ಬರವಣಿಗೆ ಸುಧಾರಿಸಲು ವ್ಯಾಕರಣ ಎಷ್ಟು ಬೇಕು? ನಿಮ್ಮ ಅನುಭವ ಹೇಳಿ

ಪ್ರಶ್ನೆ: ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಈಗ ನಮ್ಮ ಬಡಾವಣೆ ಸಂಘದ ವರದಿ ಬರೆಯುವ ಕೆಲಸ ನನ್ನ ತಲೆಗೆ ಬಂದಿದೆ. ಮಾತಾಡುವಾಗ ತೊಂದರೆಯಿಲ್ಲ, ಬರೆಯಲು ಕೂತರೆ ವಾಕ್ಯ ದಾರಿ ತಪ್ಪುತ್ತದೆ. ಮೊನ್ನೆ ಬರೆದದ್ದು: "ಹಳೆಯ ಪಾರ್ಕಿನ ಬೆಂಚುಗಳ ದುರಸ್ತಿಯನ್ನು ಮಾಡಲಾಯಿತು ಮತ್ತು ಗಿಡಗಳನ್ನು ನೆಡಲ್ಪಟ್ಟಿತು." ಅಧ್ಯಕ್ಷರು ಓದಿ ನಕ್ಕುಬಿಟ್ಟರು. ನಾಮಪದ, ಕ್ರಿಯಾಪದ ಅಂತ ಮೊದಲಿಂದ ಕಲಿಯಬೇಕಾ?

ನಿವೃತ್ತ ಕನ್ನಡ ಟೀಚರ್: ಎಲ್ಲ ಬೇಡಪ್ಪ. ಮೊದಲು ಕ್ರಿಯಾಪದ ಒಂದನ್ನು ಹಿಡಿ. ವಾಕ್ಯದ ಕೊನೆಗೆ ಹೋಗಿ "ಯಾರು?" ಅಂತ ಕೇಳು. "ಮಾಡಲಾಯಿತು" ಅಂದರೆ ಯಾರು ಮಾಡಿದ್ದು? ಉತ್ತರವೇ ಇಲ್ಲ ನೋಡು. "ಸಂಘದವರು ರಿಪೇರಿ ಮಾಡಿಸಿದರು" ಅಂತ ಬರೆ. "ಮಾಡಿದರು" ಅಲ್ಲ, "ಮಾಡಿಸಿದರು". ಸುತ್ತಿಗೆ ಹಿಡಿದವನು ಬಡಗಿ ತಾನೆ? ಆ ಒಂದು "ಇಸು" ಅಷ್ಟನ್ನೂ ಹೇಳಿಬಿಡುತ್ತದೆ. ಇನ್ನು "ಗಿಡಗಳನ್ನು ನೆಡಲ್ಪಟ್ಟಿತು" ಅನ್ನುವುದು ತಪ್ಪೇ. "ಅಲ್ಪಟ್ಟ" ಬಂದರೆ "ಅನ್ನು" ಬರುವಂತಿಲ್ಲ, "ಗಿಡಗಳು ನೆಡಲ್ಪಟ್ಟವು" ಆಗಬೇಕು. ಆದರೆ ಹಾಗೆ ಯಾರು ಮಾತಾಡುತ್ತಾರೆ? ಗಿಡ ನೆಟ್ಟರು, ಮುಗಿಯಿತು.

ಪ್ರೂಫ್ ನೋಡುವವನು: ನನಗೆ ದಿನಾ ಸಿಗುವ ತಪ್ಪು ವಿಶೇಷಣದ್ದು. ನಿಮ್ಮ ವಾಕ್ಯದಲ್ಲಿ ಹಳೆಯದು ಪಾರ್ಕೋ, ಬೆಂಚೋ? ಬೆಂಚು ಅಂದರೆ "ಪಾರ್ಕಿನ ಹಳೆಯ ಬೆಂಚುಗಳು" ಅನ್ನಿ. ವಿಶೇಷಣವನ್ನು ಅದರ ನಾಮಪದದ ಪಕ್ಕದಲ್ಲೇ ಕೂರಿಸಬೇಕು. "ಹಳೆಯ ಶಾಲೆಯ ಗೆಳೆಯರು" ಅಂತ ಬರೆದು ವಯಸ್ಸಾದ ಕಟ್ಟಡ ತೋರಿಸುವವರು ಬಹಳ ಜನ.

ಇನ್ನೊಂದು, "ಮಾಡಿ, ಹೋಗಿ, ತೆಗೆದು" ಥರದ ರೂಪಗಳು. ಒಮ್ಮೆ ನನ್ನ ಟೇಬಲ್ಲಿಗೆ "ಗೇಟು ತೆಗೆದು ನಾಯಿ ಹೊರಗೆ ಓಡಿತು" ಅಂತ ಬಂದಿತ್ತು. ಭಾರೀ ಜಾಣ ನಾಯಿ! ಗೇಟು ತೆಗೆದದ್ದು ಮನೆಯವರು. "ಗೇಟು ತೆಗೆದಾಗ" ಅಂತ ತಿದ್ದಿದೆ.

ಇನ್ನೊಬ್ಬರು: ಇಷ್ಟೆಲ್ಲ ಯಾಕೆ? ಬರೆದದ್ದನ್ನು ಜೋರಾಗಿ ಓದಿಕೊಳ್ಳಿ ಸಾಕು. ನಮ್ಮಜ್ಜಿಗೆ ಅವ್ಯಯ ಅಂದರೇನು ಅಂತ ಗೊತ್ತಿರಲಿಲ್ಲ, ಕಥೆ ಹೇಳಿದರೆ ಬಾಯಿ ಬಿಟ್ಟು ಕೇಳುತ್ತಿದ್ದೆವು.

ಪ್ರೂಫ್ ನೋಡುವವನು: ಜೋರಾಗಿ ಓದಿದರೆ ಏನೋ ಸರಿಯಿಲ್ಲ ಅಂತ ಗೊತ್ತಾಗುತ್ತದೆ ಸಾರ್. ಎಲ್ಲಿ ಅಂತ ಗೊತ್ತಾಗಲು ಹೆಸರು ಬೇಕು. ಅಜ್ಜಿ ಹೇಳಿದರು, ವರದಿ ಬರೆಯಲಿಲ್ಲ ಅಲ್ವಾ?

ಮಗಳಿಗೆ ಪಾಠ ಹೇಳಿಕೊಡುವ ಅಮ್ಮ: ನಾನು ಮತ್ತೆ ಕಲಿತದ್ದೇ ಅವಳ ಜೊತೆ ಕೂತು. ಉ, ಅನ್ನು, ಇಂದ, ಗೆ... ವಿಭಕ್ತಿ ಪ್ರತ್ಯಯಗಳ ಪಟ್ಟಿ ಬಾಯಿಪಾಠ ಮಾಡಿದೆವು. ಪಂಚಮಿಗೆ "ದೆಸೆಯಿಂದ" ಅಂತಿದೆ. ಅವಳು ಕೇಳಿದಳು, "ಅಮ್ಮಾ, ಮರದ ದೆಸೆಯಿಂದ ಎಲೆ ಬಿತ್ತು ಅಂತ ನೀನು ಯಾವತ್ತಾದರೂ ಹೇಳಿದ್ದೀಯಾ?" ಇಲ್ಲವಲ್ಲ! ಎಲೆ ಬೀಳುವುದು ಮರದಿಂದಲೇ. ಪಟ್ಟಿ ಪರೀಕ್ಷೆಗೆ ಇರಲಿ, ಬರೆಯುವಾಗ ಕಿವಿಯ ಮಾತೂ ಕೇಳಿ.

ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು "ಮತ್ತು" ಕಡಿಮೆ ಮಾಡಿದ್ದು. "ಅಕ್ಕಿ ತೊಳೆದೆ ಮತ್ತು ಕುಕ್ಕರಿಗೆ ಹಾಕಿದೆ" ಅಂತ ಅಡುಗೆಮನೆಯಲ್ಲಿ ಯಾರೂ ಅನ್ನುವುದಿಲ್ಲ. ಅಕ್ಕಿ ತೊಳೆದು ಕುಕ್ಕರಿಗೆ ಹಾಕಿದೆ, ಅಷ್ಟೇ. ಎರಡು ಕೆಲಸವನ್ನೂ ಒಬ್ಬರೇ ಮಾಡಿದ್ದರೆ ಮಾತ್ರ ಹೀಗೆ ಸೇರಿಸಿ, ಇಲ್ಲದಿದ್ದರೆ ಮೇಲಿನ ನಾಯಿಯ ಗತಿ.

ಟೀಚರ್: ಹುರುಪಿನಲ್ಲಿ ಕೇಶಿರಾಜನ ಶಬ್ದಮಣಿದರ್ಪಣ ತಂದುಕೊಂಡು ಕೂರಬೇಡ ಮತ್ತೆ. ಅದು 13ನೇ ಶತಮಾನದ್ದು, ಹಳಗನ್ನಡದ್ದು, ಸೂತ್ರಗಳೂ ಕಂದಪದ್ಯದಲ್ಲಿವೆ. ಹೈಸ್ಕೂಲ್ ವ್ಯಾಕರಣದ ಪುಸ್ತಕ ಧಾರಾಳವಾಯಿತು.

ಪ್ರಶ್ನೆ ಕೇಳಿದವನು: ಎಲ್ಲರಿಗೂ ಥ್ಯಾಂಕ್ಸ್. ತಿದ್ದಿ ಬರೆದೆ: "ಸಂಘದವರು ಪಾರ್ಕಿನ ಹಳೆಯ ಬೆಂಚುಗಳನ್ನು ರಿಪೇರಿ ಮಾಡಿಸಿ, ಸುತ್ತ ಗಿಡ ನೆಟ್ಟರು." ಅಧ್ಯಕ್ಷರಿಗೆ ಕಳಿಸಿದೆ. ಈ ಸಲ ನಗಲಿಲ್ಲ. "ಎಷ್ಟು ಗಿಡ?" ಅಂತ ಕೇಳಿದ್ದಾರೆ. ಎಣಿಸಲು ಹೊರಟಿದ್ದೇನೆ.